ಎದುರು ಕೂತವರ ಬಲಗಣ್ಣು

“ಇದರಲ್ಲಿ ಚೆನ್ನಾಗಿ ಕಾಣುತ್ತೋ, ಇದರಲ್ಲೋ?” ಎಂದು ಕೇಳಿದ ಮೇಲೆ, ಬದಲಾಯಿಸಬೇಕಾಗಿದ್ದ ಗಾಜು ಇನ್ನೂ ತನ್ನ ಎರಡು ಬೆರಳ ನಡುವೆಯೇ ಇದೆಯೆಂಬುದು ಅವಳಿಗೆ ಗೊತ್ತಾಯಿತು. ಕುರ್ಚಿಯಲ್ಲಿ ಗದ್ದವೆತ್ತಿ ಕೂತಿದ್ದ ದಪ್ಪ ಮನುಷ್ಯನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಇದ್ದ ಹಾಗೇ ಇತ್ತು; ಅದರೊಳಗಿನ ಗಾಜೂ ಇದ್ದ ಹಾಗೇ ಇತ್ತು. ಆದರೂ ಆತ ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ಕನ್ನಡಿಯಲ್ಲಿ ಕಾಣುವ ಅಕ್ಷರಗಳ ಸಾಲನ್ನು ಇನ್ನೊಮ್ಮೆ ತೂಗಿ ನೋಡಿ, “ಎರಡನೇದು. ಎರಡನೇದೇ ಕ್ಲಿಯರು,” ಎಂದ. ಅವಳು “ಸರಿ” ಎಂದು ಬರೆದುಕೊಂಡಳು. ಇದು ಮೊದಲ ಸಲವೇನಲ್ಲ. ಎರಡು ವರ್ಷದ ಹಿಂದೆ ಮೊದಲ ಸಲ ಹೀಗೆ ಮರೆತಾಗ ನಗು ಉಕ್ಕಿ ಬಂದು, ನೀರು ಕುಡಿಯುವ ನೆಪದಲ್ಲಿ ಹೊರಗೆ ಓಡಿದ್ದಳು. ಆಮೇಲೆ ಬೇಕೆಂದೇ ಮಾಡತೊಡಗಿದಳು, ದಿನಕ್ಕೊಮ್ಮೆ, ಊಟಕ್ಕೆ ಮೊದಲು, ಉಪ್ಪಿನ ಕಲ್ಲು ನಾಲಿಗೆಯ ಮೇಲಿಟ್ಟುಕೊಂಡ ಹಾಗೆ. ಈಗ ಬೇಕೆಂದು ಮಾಡುತ್ತಾಳೋ ಮರೆತು ಮಾಡುತ್ತಾಳೋ ಅವಳಿಗೇ ತಿಳಿಯುವುದಿಲ್ಲ. ಹತ್ತರಲ್ಲಿ ಏಳು ಮಂದಿ ಎರಡನೆಯದೇ ವಾಸಿ ಅನ್ನುತ್ತಾರೆ, ಇಬ್ಬರು ಮೊದಲನೆಯದು ಅನ್ನುತ್ತಾರೆ, ಒಬ್ಬರು ಇನ್ನೊಮ್ಮೆ ತೋರಿಸಿ ಅನ್ನುತ್ತಾರೆ. ಎರಡೂ ಒಂದೇ ಅಲ್ಲವೇನಮ್ಮ ಎಂದವರು ಇಲ್ಲಿಯವರೆಗೆ ಯಾರೂ ಇಲ್ಲ.

ಕೋಣೆಗೆ ಕಿಟಕಿಯಿಲ್ಲ. ಉದ್ದಕ್ಕೆ ಹತ್ತು ಹೆಜ್ಜೆ, ಅಗಲಕ್ಕೆ ನಾಲ್ಕು. ಹತ್ತು ಹೆಜ್ಜೆ ಸಾಲದೆಂದು ಎದುರು ಗೋಡೆಗೆ ಕನ್ನಡಿ ಹಾಕಿ, ಕೂತವರ ತಲೆಯ ಹಿಂದೆ ತಿರುಗುಮುರುಗಾದ ಅಕ್ಷರಗಳ ಪಟ ನೇತುಹಾಕಿದ್ದಾರೆ. ಬಾಗಿಲ ಆಚೆ ಅಂಗಡಿ, ಮದುವಣಗಿತ್ತಿಯ ಹಾಗೆ ದೀಪ ಹೊತ್ತಿಸಿಕೊಂಡು ನಿಂತಿರುತ್ತದೆ. ಈಚೆ ಕತ್ತಲೆ, ಮತ್ತು ಪರರ ಉಸಿರು. ದಿನಕ್ಕೆ ಮೂವತ್ತು ಮುಖಗಳು ಅವಳ ಮುಖಕ್ಕೆ ನಾಲ್ಕು ಬೆರಳು ದೂರ ಬರುತ್ತವೆ. ಕಟ್ಟಿಕೊಂಡ ಗಂಡನೂ ಹಗಲು ಹೊತ್ತಿನಲ್ಲಿ ಅಷ್ಟು ಹತ್ತಿರ ಬರುವುದಿಲ್ಲ ಎಂದು ಕೌಂಟರಿನ ಅಕ್ಕ ತಮಾಷೆ ಮಾಡುತ್ತಾಳೆ. ಯಾರು ಬೆಳಿಗ್ಗೆ ಏನು ತಿಂದರು, ಯಾರಿಗೆ ಹಲ್ಲು ಹುಳುಕಾಗಿದೆ, ಯಾರು ಬರುವಾಗ ಅತ್ತಿದ್ದರು, ಇವೆಲ್ಲ ಅವಳಿಗೆ ಗೊತ್ತು; ಆದರೆ ಸಂಜೆ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು “ಚೆನ್ನಾಗಿದೀರಾ ಮೇಡಂ?” ಎಂದವರನ್ನು ಯಾರೆಂದು ಗುರುತು ಹಿಡಿಯಲಾರಳು. ದಪ್ಪ ಮನುಷ್ಯ ಏಳುತ್ತ, “ಡಾಕ್ಟ್ರು ಯಾವಾಗ ಬರ್ತಾರೆ?” ಎಂದ. “ನಾನೇ ನೋಡೋದು. ಮುಗೀತು.” ಆತ ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ, ಈಗತಾನೆ ಸರಿಮಾಡಿಸಿಕೊಂಡ ಕಣ್ಣಿನಿಂದ. “ಓ. ಆಗ್ಲಿ ಬಿಡಿ,” ಎಂದ. ಅವಳಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಾಗಿತ್ತು ಎಂದು ಮಾತ್ರ ಅನ್ನಿಸಿತು.

ಬೆಳಿಗ್ಗೆ ಅಮ್ಮ ಇದನ್ನೇ ಬೇರೆ ಥರ ಅಂದಿದ್ದಳು. ತಲೆ ಬಾಚಿಕೊಳ್ಳುತ್ತ ಮಗಳು ಕನ್ನಡಿಯ ಮುಂದೆ ಬಾಚಣಿಗೆ ಹಿಡಿದು ಹಾಗೇ ನಿಂತುಬಿಟ್ಟಿದ್ದಳಂತೆ. “ಏನೇ, ಗ್ರಹಣ ಹಿಡಿದೋರ ಹಾಗೆ ನಿಂತಿದ್ದೀಯ?” “ಈ ಕೆಲಸ ಯಾಕೆ ಮಾಡ್ತಿದ್ದೀನಿ ಅಂತ ಯೋಚನೆ ಮಾಡ್ತಿದ್ದೆ.” “ಕೆಲಸ ಅಂದ್ರೆ ಕೆಲಸ ಕಣೇ. ಅದರಲ್ಲಿ ಸುಖ ಹುಡುಕ್ತಾರಾ ಯಾರಾದ್ರೂ? ನಾನು ನಲವತ್ತು ವರ್ಷ ಒಲೆ ಮುಂದೆ ನಿಂತೆ. ಒಲೆ ನನ್ನ ಕೇಳ್ತಾ, ಸುಖವಾಗಿದ್ದೀಯೇನಮ್ಮ ಅಂತ?” ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಡಬ್ಬಿಯ ಮುಚ್ಚಳ ಒತ್ತುತ್ತ, “ಅಭ್ಯಾಸ ಆಗುತ್ತೆ ಬಿಡು,” ಎಂದಳು. ಅದು ಅಮ್ಮನ ಮಾತಲ್ಲ, ಅಂಗಡಿಯ ಮಾತು. ಹೊಸ ಕನ್ನಡಕ ಹಾಕಿಕೊಂಡು ನೆಲ ಇಳಿಜಾರಾಗಿ ಕಾಣುತ್ತದೆ, ತಲೆ ಸುತ್ತುತ್ತದೆ ಎಂದು ಬಂದವರಿಗೆಲ್ಲ ಅವಳೇ ದಿನಕ್ಕೆ ನಾಲ್ಕು ಸಲ ಹೇಳುವ ಮಾತು: ಹದಿನೈದು ದಿನ ಹಾಕ್ಕೊಳ್ಳಿ, ಅಭ್ಯಾಸ ಆಗುತ್ತೆ. ಅಭ್ಯಾಸವಾಗಿಯೂ ಆಗುತ್ತದೆ. ಕಣ್ಣಿಗೆ ನಾಚಿಕೆಯಿಲ್ಲ, ಏನು ಕೊಟ್ಟರೂ ಅದನ್ನೇ ಲೋಕ ಎಂದುಕೊಳ್ಳುತ್ತದೆ.

ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಂದು ಕೋಟೆ, ಕೋಟೆಗೊಂದು ಬಾಗಿಲು, ಬಾಗಿಲಿಗೊಬ್ಬ ಕಾವಲಿನವನು. ಬಂದವರನ್ನೆಲ್ಲ ಅವನು ಒಂದೇ ಮಾತು ಕೇಳುತ್ತಿದ್ದ, ಒಳಗೋ ಹೊರಗೋ? ಒಳಗೆ ಅಂದವರನ್ನು ಒಳಗೆ ಬಿಡುತ್ತಿದ್ದ, ಹೊರಗೆ ಅಂದವರನ್ನು ಹೊರಗೆ ಬಿಡುತ್ತಿದ್ದ. ಹೂಂ ಅನ್ನು, ಇಲ್ಲದಿದ್ದರೆ ಕಥೆ ನಿಂತುಹೋಗುತ್ತೆ. ಹೂಂ. ಹೀಗೇ ಅವನ ಗಡ್ಡ ಬೆಳ್ಳಗಾಯಿತು. ಹೂಂ. ಒಂದು ದಿನ ಒಬ್ಬ ಮುದುಕಿ ಬಂದು, ಅಪ್ಪಾ, ನೀನು ಒಳಗಿನವನೋ ಹೊರಗಿನವನೋ ಅಂದಳು. ಹೂಂ, ಆಮೇಲೆ? ಆಮೇಲೇನು, ಕಣ್ಣು ಮುಚ್ಚು. ಅಜ್ಜಿ ಎಂದೂ ಮುಂದಕ್ಕೆ ಹೇಳಲಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

“ಏ ಕನಸುಗಣ್ಣೆ, ಹೊರಗೆ ಬಾ,” ಎಂದು ಕೌಂಟರಿನ ಅಕ್ಕ ಬಾಗಿಲು ತಟ್ಟಿದಳು. “ನಿನ್ನ ರಫೂ ಯಜಮಾನರು ಬಂದಿದಾರೆ. ದಾನ ಮಾಡ್ತಾರಂತೆ, ಕರ್ಣ!” ಕೌಂಟರಿನ ಮೇಲೆ ಹಳೆಯ ಕನ್ನಡಕ ಹಾಕುವ ಗಾಜಿನ ಪೆಟ್ಟಿಗೆಯೊಂದಿದೆ, ಇಲ್ಲದವರಿಗೆ ಕೊಡುತ್ತೇವೆ ಎಂದು ಮೇಲೆ ಬರೆದಿದೆ. ಹಾಕುವ ಮೊದಲು ಅದರ ನಂಬರು ನೋಡಿ ಚೀಟಿ ಅಂಟಿಸುವುದು ಅವಳ ಕೆಲಸ. ಪೆಟ್ಟಿಗೆಯ ಮುಂದೆ, ಒಗೆದೂ ಒಗೆದೂ ತೆಳ್ಳಗಾದ ಅಂಗಿ ತೊಟ್ಟ ಮನುಷ್ಯರೊಬ್ಬರು ಕನ್ನಡಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಮುಖ ಅವಳಿಗೆ ನೆನಪಾಗಲಿಲ್ಲ; ಬೆರಳು ನೆನಪಾಯಿತು. ಬಲಗೈ ತೋರುಬೆರಳ ತುದಿಯಲ್ಲಿ ಸೂಜಿ ಒತ್ತೀ ಒತ್ತೀ ಆದ ಗಟ್ಟಿ ಗುಳಿ. ಆರು ತಿಂಗಳ ಹಿಂದೆ ಓದುವ ಚೀಟಿಯನ್ನು ಆ ಬೆರಳಲ್ಲೇ ಹಿಡಿದು, ತಮ್ಮ ಕೆಲಸ ಏನೆಂದು ಹೇಳಿದ್ದರು: ಸುಟ್ಟ ಬಟ್ಟೆ, ಹರಿದ ಬಟ್ಟೆ, ಹುಳು ತಿಂದ ಬಟ್ಟೆ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ತೂತಿನ ಮೇಲೆ ಅಡ್ಡ ಉದ್ದ ನೇಯ್ದು ಮುಚ್ಚುವುದು. “ನಮ್ಮ ಕೆಲಸ ಕಾಣಿಸಿದ್ರೆ ಅದು ಕೆಲಸವೇ ಅಲ್ಲ ತಾಯಿ. ಕಾಣಿಸ್ಲಿಲ್ಲ ಅಂದ್ರೆ ನಾವು ಬದುಕಿದ್ವಿ.” ಅವಳು ಆಗ ಹೂಂಗುಟ್ಟಿದ್ದಳು, ಅಷ್ಟೆ.

“ಯಾಕ್ ಯಜಮಾನ್ರೇ, ಇನ್ನೂ ಹೊಸದಾಗೇ ಇದೆಯಲ್ಲ?” ಎಂದಳು ಅಕ್ಕ.

“ಹೊಸದೇ. ನನ್ನ ಕೈ ಹಳೇದಾಯ್ತು. ಅಂಗಡಿ ಮುಚ್ಚಿದೆ. ಇನ್ನು ಇದನ್ನ ಹಾಕ್ಕೊಂಡು ನೊಣ ಎಣಿಸ್ಲಾ?” ಅವರು ನಕ್ಕರು. ನಗುತ್ತಲೇ ಕನ್ನಡಕವನ್ನು ತಿರುಗಿಸಿ, ಕಡ್ಡಿಗಳು ಎದುರಿನವರ ಕಡೆಗೆ ಚಾಚಿಕೊಳ್ಳುವ ಹಾಗೆ ಹಿಂದುಮುಂದಾಗಿ ಕಣ್ಣಿಗೆ ಹಿಡಿದರು. “ನೋಡಿ ತಮಾಷೆ. ನೆಟ್ಟಗೆ ಹಾಕ್ಕೊಂಡ್ರೆ ಮಂಜು, ಹಿಂಗೆ ಹಿಡಿದ್ರೆ ವಾಸಿ. ನಮ್ಮನೆಯೋಳು ಹೇಳ್ತಾಳೆ, ನಿಮ್ಮ ಬುದ್ಧಿ ಹೆಂಗೋ ನಿಮ್ಮ ಕಣ್ಣೂ ಹಂಗೇ, ಎಲ್ಲ ತಿರುಗುಮುರುಗು ಅಂತ.” ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗಲಿಲ್ಲ. ಹಿಂದುಮುಂದಾಗಿ ಹಿಡಿದರೆ ಬಲಗಣ್ಣಿನ ಗಾಜು ಎಡಗಣ್ಣಿಗೆ ಬರುತ್ತದೆ, ಎಡಗಣ್ಣಿನದು ಬಲಕ್ಕೆ. ತರಬೇತಿಯ ಮೊದಲ ದಿನ, ಗಂಟಲು ಕೆಟ್ಟಿದ್ದ ಮೇಷ್ಟ್ರೊಬ್ಬರು ಹಲಗೆಗೆ ಬೆನ್ನು ಮಾಡಿ ನಿಂತು ಹೇಳಿದ್ದರು: ಎದುರು ಕೂತವರ ಬಲ ನಿಮ್ಮ ಎಡ, ಇದೊಂದನ್ನು ಮರೀಬೇಡಿ, ಮಿಕ್ಕಿದ್ದನ್ನ ಯಂತ್ರ ನೋಡ್ಕೊಳ್ಳುತ್ತೆ. ಎಲ್ಲರೂ ನಕ್ಕಿದ್ದರು, ಇದನ್ನೂ ಯಾರಾದರೂ ಮರೆಯುತ್ತಾರೆಯೇ ಎಂದು.

“ಒಂದು ನಿಮಿಷ ಒಳಗೆ ಬನ್ನಿ,” ಎಂದಳು. ಸೆರಗಿನ ಅಂಚು ಬಾಗಿಲಿಗೆ ಸಿಕ್ಕಿದಾಗ ಬಿಡಿಸಿಕೊಳ್ಳುವಷ್ಟು ತಣ್ಣಗೆ ಚೌಕಟ್ಟನ್ನು ತೆಗೆದು ಅವರ ಕಿವಿಗೆ ಸಿಕ್ಕಿಸಿದಳು. ಯಂತ್ರಕ್ಕಿಟ್ಟು ಅವರ ಕನ್ನಡಕದ ನಂಬರು ಓದಿದಳು. ಕಪಾಟಿನಿಂದ ಆರು ತಿಂಗಳ ಹಿಂದಿನ ಕಾರ್ಡು ತೆಗೆದಳು. ಎರಡೂ ಒಂದೇ. ಅಂದರೆ ಗಾಜು ಕೊರೆದವನ ತಪ್ಪಲ್ಲ, ಕೌಂಟರಿನದಲ್ಲ. ಕಾರ್ಡಿನ ಮೇಲಿದ್ದುದು ಅವಳದೇ ಅಕ್ಷರ, ದುಂಡಗೆ, ಬಹುಮಾನ ಬಂದಂಥ ಅಕ್ಷರ. ಕೆಳಗೆ ಇನ್ನೊಂದು ದಿನಾಂಕ ಹಾಕಿ ಒಂದು ಸಾಲು: ಮಂಜು ಎನ್ನುತ್ತಾರೆ, ಹದಿನೈದು ದಿನ ಹಾಕಿಕೊಳ್ಳಲು ಹೇಳಿದೆ. ಅಂದರೆ ಇವರು ಬಂದಿದ್ದರು. ಒಂದು ವಾರಕ್ಕೆ ಮತ್ತೆ ಬಂದು, ಇದೇ ಕುರ್ಚಿಯ ತುದಿಯಲ್ಲಿ ಕೂತು ಹೇಳಿದ್ದರು, ಮತ್ತು ಅವಳು ಮುಖವೆತ್ತದೆ ಕಳಿಸಿದ್ದಳು. ಅವರು ಒಳ್ಳೆಯ ಹುಡುಗನ ಹಾಗೆ ಹೋಗಿ ಅಭ್ಯಾಸ ಮಾಡಿಕೊಂಡಿದ್ದರು. ಬಲದ ನಂಬರನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿದಳು. ಗಾಜುಗಳು ಚೌಕಟ್ಟಿಗೆ ಕಟ್ ಕಟ್ ಎಂದು ಕೂತವು.

ಅವರು ಓದುವ ಚೀಟಿಯನ್ನು ಹಿಡಿದುಕೊಂಡರು. ಕೆಳಗಿನ ಸಾಲು ಓದಿದರು, ಅದರ ಕೆಳಗಿನದನ್ನು ಓದಿದರು, ಕೊನೆಗೆ ಚೀಟಿಯ ಮೂಲೆಯಲ್ಲಿ ಯಾರೂ ಓದಬಾರದೆಂಬಂತೆ ಅಚ್ಚಾಗಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದರು. ಆಮೇಲೆ ಚೀಟಿ ಹಿಡಿದ ಕೈಯನ್ನೇ ಕಣ್ಣಿನ ಹತ್ತಿರ ತಂದುಕೊಂಡರು. ಅಂಗಿಯ ತೋಳಿನ ಮಡಿಕೆಯಲ್ಲಿ ಒಂದು ರಫೂ ಇತ್ತು. ಅವಳ ಕಣ್ಣಿಗೂ ಕಾಣುವಂತೆ ಉಬ್ಬಿಕೊಂಡು, ಎಳೆಗಳು ಒಂದನ್ನೊಂದು ತುಳಿದುಕೊಂಡು, ವಾಸಿಯಾಗದ ಗಾಯದ ಹಾಗೆ. “ಥೂ,” ಎಂದರು ಮೆಲ್ಲಗೆ. “ಇದು ನಾನು ಮಾಡಿದ್ದಾ?” ಬಾಗಿಲು ಅರ್ಧ ತೆರೆದಿತ್ತು, ಕೌಂಟರಿನ ಅಕ್ಕ ಲೆನ್ಸು ಒರೆಸುವ ಬಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅಕ್ಕನ ಮುಖ ನೋಡಿದರೆ ಸಾಕಿತ್ತು, ಅವಳಿಗೆ ಎಲ್ಲ ತಿಳಿದುಹೋಗಿದೆಯೆಂದು ಗೊತ್ತಾಗುತ್ತಿತ್ತು.

“ನಂಬರು ಬದಲಾಗಿದೆ ಅಲ್ವಾ ತಾಯಿ?” ಎಂದರು ಯಜಮಾನರು, ಚೌಕಟ್ಟಿನ ದಪ್ಪ ಸುತ್ತಿನೊಳಗಿಂದ ಅವಳನ್ನು ನೋಡುತ್ತ. ಗಾಜಿನಲ್ಲಿ ಅವರ ಕಣ್ಣು ದೊಡ್ಡದಾಗಿ, ಒದ್ದೆಯಾಗಿ ಕಾಣುತ್ತಿತ್ತು. “ವಯಸ್ಸಿಗೆ ಬದಲಾಗುತ್ತಂತಲ್ಲ.”

“ಹೂಂ ಮತ್ತೆ,” ಎಂದಳು ಅಕ್ಕ ಬಾಗಿಲಿಂದಲೇ, ಸಕ್ಕರೆಯಂಥ ದನಿಯಲ್ಲಿ. “ಆರು ತಿಂಗಳಿಗೊಂದು ಸಲ ತೋರಿಸ್ಕೋಬೇಕು ಅಂತ ಅದಕ್ಕೇ ಹೇಳೋದು ಯಜಮಾನ್ರೇ. ಗಾಜು ಬದಲಾಯಿಸಿ ಕೊಡ್ತೀವಿ, ಪುಕ್ಕಟೆ. ಏನೇ, ಹೌದು ತಾನೆ?”

ಅವಳು ಬಾಯಿ ಬಿಡಲೂ ಬೇಕಾಗಿರಲಿಲ್ಲ. ತಲೆಯಾಡಿಸಿದ್ದರೆ ಸಾಕಿತ್ತು, ತಲೆಯಾಡಿಸುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಎದುರಿನ ಕನ್ನಡಿಯಲ್ಲಿ ಮೂವರೂ ಕಾಣುತ್ತಿದ್ದರು: ಬೆಳಕಿನ ಗೀಟಿನಲ್ಲಿ ಅಕ್ಕ, ಕುರ್ಚಿಯಲ್ಲಿ ಗೂಬೆಯಂಥ ಚೌಕಟ್ಟಿನ ಮನುಷ್ಯ, ಮತ್ತು ಬಿಳಿಯ ಕೋಟು ತೊಟ್ಟ ಒಬ್ಬ ಹೆಂಗಸು. ಆ ಹೆಂಗಸು ಈಗ ಏನು ಹೇಳುತ್ತಾಳೆ ಎಂದು ಅವಳಿಗೆ ಸಣ್ಣ ಕುತೂಹಲ ಹುಟ್ಟಿತು. ಇಷ್ಟು ದಿನದಲ್ಲಿ ಈ ಕೋಣೆಯಲ್ಲಿ ಹುಟ್ಟಿದ ಮೊದಲ ಕುತೂಹಲ ಅದೇ ಇರಬೇಕು. “ಇಲ್ಲ,” ಎಂದಳು. “ನಂಬರು ಬದಲಾಗಿಲ್ಲ. ಆವತ್ತು ನಾನು ಬಲಗಣ್ಣಿಂದು ಎಡಕ್ಕೆ ಬರೆದೆ. ನಿಮ್ಮ ಕೈಗೆ ಏನೂ ಆಗಿರಲಿಲ್ಲ. ತಪ್ಪು ನಂದು.” ಅಕ್ಕ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. “ಬಾಯಿ ಬಿಟ್ರೆ ಬಣ್ಣಗೇಡು. ಮಾಲೀಕರಿಗೆ ನೀನೇ ಹೇಳ್ಕೋ, ಮಹಾತಾಯಿ.”

ಯಜಮಾನರು ಅಳಲಿಲ್ಲ, ಕೂಗಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲೆ ಬೋರಲಿಟ್ಟುಕೊಂಡು ಕೂತರು. “ಸುಮ್ಮನಿದ್ದಿದ್ರೆ ಚೆನ್ನಾಗಿತ್ತು,” ಎಂದರು. “ಮುದಿತನ ಅಂದ್ಕೊಂಡು ಒಪ್ಕೊಂಡುಬಿಟ್ಟಿದ್ದೆ. ಅದರ ಮೇಲೆ ಸಿಟ್ಟು ಮಾಡ್ಕೊಂಡು ಆಗಿತ್ತು, ಅತ್ತೂ ಆಗಿತ್ತು. ಈಗ ಮತ್ತೆ ಮೊದಲಿಂದ ನಿನ್ನ ಮೇಲೆ ಸಿಟ್ಟು ಮಾಡ್ಕೋಬೇಕು. ಅಷ್ಟು ತ್ರಾಣ ಎಲ್ಲಿದೆ ನಂಗೆ?” ಅವರ ಮಾತಿನಿಂದ ‘ತಾಯಿ’ ಹೋಗಿತ್ತು, ‘ನೀವು’ ಹೋಗಿತ್ತು. ಅವಳಿಗೆ ಅದು ಸರಿ ಅನ್ನಿಸಿತು. ಕ್ಷಮಿಸಿ ಎನ್ನಲು ಹೋದಳು. ಆ ಮಾತು ಬಾಯಿಗೆ ಬರುವ ಹೊತ್ತಿಗೆ ಕೌಂಟರಿನ ಮಾತಾಗಿಬಿಡುತ್ತದೆ ಎನ್ನಿಸಿ ನುಂಗಿಕೊಂಡಳು. “ಮೂರನೇ ಬೀದಿ ಹೆಡ್‌ಮಿಸ್ಸಿಲ್ವಾ,” ಎಂದರು ಅವರು. “ಅವರ ಯಜಮಾನರ ಕೋಟು. ತೀರಿಕೊಂಡವರ ಕೋಟು. ಜೇಬಿನ ಹತ್ತಿರ ಸಿಗರೇಟು ಸುಟ್ಟು ತೂತು. ನಾಲ್ಕು ದಿನ ಕೂತೆ. ಕೊಡೋಕೆ ಹೋದಾಗ ಆಯಮ್ಮ ನೋಡಿ ಅಂದ್ರು, ‘ಕೈ ನಡುಗೋಕೆ ಶುರುವಾದ ಮೇಲೆ ಬಿಟ್ಟುಬಿಡಬೇಕು ರೀ, ನಾನು ಬಿಡಲಿಲ್ವಾ’ ಅಂತ. ಮಾರನೇ ದಿನ ಬಾಗಿಲು ತೆಗೀಲಿಲ್ಲ ನಾನು.” ಎದ್ದು ನಿಂತರು. “ನಡಿ. ಅವರ ಮುಂದೆ ಹೇಳು. ನಾನು ಹೇಳಿದ್ರೆ, ಕುಣೀಲಾರದೋರು ನೆಲ ಡೊಂಕು ಅಂದ ಹಾಗಾಗುತ್ತೆ.”

ಪರೀಕ್ಷೆಯ ಚೌಕಟ್ಟು ಅಂಗಡಿಯ ಹೊಸಿಲು ದಾಟಬಾರದು. ಅದನ್ನು ತೆಗೆಯಿರಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೊರಗೆ ಮೂವರು ಕಾಯುತ್ತಿದ್ದರು. ಅವರನ್ನು ದಾಟಿ, ಬಿಳಿಯ ಕೋಟಿನಲ್ಲೇ, ಬಿಸಿಲಿಗೆ ಇಳಿದಳು. ಬೀದಿಯಲ್ಲಿ ಜನ ತಿರುಗಿ ನೋಡಿದರು: ಮುಂದೆ ಕಬ್ಬಿಣದ ಕಣ್ಣಿನ ಮನುಷ್ಯ, ಹಿಂದೆ ಓಡುನಡಿಗೆಯ ಹೆಂಗಸು. ಸೈಕಲ್ ಮೇಲಿದ್ದವನೊಬ್ಬ, “ಏನ್ ಯಜಮಾನ್ರೇ, ಬಾವಿಗೆ ಇಳಿಯೋಕೆ ಹೊರಟ್ರಾ?” ಎಂದು ಕೂಗಿದ. ಯಜಮಾನರು ಉತ್ತರಿಸಲಿಲ್ಲ. ಅವರು ನೋಡುತ್ತಿದ್ದರು. ಗೋಡೆಯ ಮೇಲೆ ಒಣಗಿದ ಬಣ್ಣದ ಹಕ್ಕಳೆ, ಬಸ್ ನಿಲ್ದಾಣದ ಬೆಂಚಿನ ಮೊಳೆ, ಎದುರು ಬಂದ ಹೆಂಗಸಿನ ಶಾಲಿನ ನೇಯ್ಗೆ, ಹತ್ತಿರದ್ದನ್ನೆಲ್ಲ ನಿಂತು ನಿಂತು, ಬೇರೆಯವರ ಆಸ್ತಿಯನ್ನು ಜಪ್ತಿ ಮಾಡುವವರ ಹಾಗೆ. ದೂರದ್ದು ಆ ಗಾಜಿಗೆ ಕಾಣುವುದಿಲ್ಲ. ರಸ್ತೆ ದಾಟುವಾಗ ಮಾತ್ರ ಅವರು ತಿರುಗಿ ನೋಡದೆಯೇ ಕೈಚಾಚಿದರು, ಅವಳು ಮುಂಗೈ ಹಿಡಿದು ದಾಟಿಸಿದಳು. ಮನಸ್ಸಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳುತ್ತಿದ್ದಳು. ಕೆಲಸ ಹೋದರೆ ಅಮ್ಮನಿಗೆ ಏನು ಹೇಳುವುದೆಂಬುದೂ ನಡುವೆ ಬಂದು ಹೋಯಿತು, ಪಕ್ಕದ ಮನೆಯ ಸುದ್ದಿಯ ಹಾಗೆ.

ಹೆಡ್‌ಮಿಸ್ಸು ಬಾಗಿಲು ತೆರೆದವರೇ ಚೌಕಟ್ಟು ನೋಡಿ ಹೌಹಾರಿದರು. ಅವಳು ಹೊಸಿಲಾಚೆ ನಿಂತು ಒಂದೇ ಉಸಿರಿಗೆ ಹೇಳಿದಳು: ತಾನು ಕನ್ನಡಕದ ಅಂಗಡಿಯವಳು, ತಪ್ಪು ನಂಬರು ಬರೆದವಳು ತಾನು, ನೀವು ಕೋಟು ನೋಡಿ ಅಂದ ಹಾಗೆ ಇವರ ಕೈ ನಡುಗುತ್ತಿರಲಿಲ್ಲ, ಆ ಮಾತಿಗೇ ಇವರು ಅಂಗಡಿ ಮುಚ್ಚಿದ್ದು. ಹೇಳುತ್ತಿರುವಾಗ ಕಿವಿ ಬಿಸಿಯಾಯಿತು, ಶಾಲೆಯಲ್ಲಿ ಬೆಂಚಿನ ಮೇಲೆ ನಿಂತಾಗ ಆಗುತ್ತಿದ್ದಂತೆ. ಹೆಡ್‌ಮಿಸ್ಸು ಒಬ್ಬರಿಂದೊಬ್ಬರಿಗೆ ಕಣ್ಣು ಹೊರಳಿಸಿದರು. “ಯಾವ ಕೋಟು? ಓ, ಅದಾ! ನಾನು ಹಾಗಂದ್ನಾ? ಇಲ್ಲಪ್ಪ, ನಂಗೆ ನೆನಪೇ ಇಲ್ಲ. ಬಾಯಿಗೆ ಬಂದಿದ್ದು ಏನೋ ಅಂದಿರ್ತೀನಿ. ಅದಕ್ಕೆ ಅಂಗಡಿ ಮುಚ್ಚಿಬಿಡೋದೇ ನೀವು?” ಯಜಮಾನರ ಮುಖದ ಮೇಲೆ ಒಂದು ಕ್ಷಣ ಏನೂ ಇರಲಿಲ್ಲ. ಇಷ್ಟು ದಿನ ಅವರು ಹೊತ್ತು ತಿರುಗಿದ ಮಾತನ್ನು, ಆಡಿದವರು ಅಂದೇ ಬಾಗಿಲಲ್ಲಿ ಉದುರಿಸಿ ಒಳಗೆ ಹೋಗಿದ್ದರು. “ಕೋಟು ತನ್ನಿ,” ಎಂದರು.

ಹೆಡ್‌ಮಿಸ್ಸು ಕೋಟು ತಂದು, ರಫೂ ಎಲ್ಲಿದೆಯೆಂದು ಅತ್ತಿತ್ತ ತಿರುಗಿಸಿ ಹುಡುಕಿದರು, ಅವರಿಗೆ ಸಿಗಲಿಲ್ಲ. ಅವಳಿಗೂ ಸಿಗಲಿಲ್ಲ. ಯಜಮಾನರು ಒಂದೇ ಸಲಕ್ಕೆ ಬೆರಳಿಟ್ಟರು. “ಇಲ್ಲಿ. ಹೊಲಸು. ಮೊದಲಿಂದ ಮಾಡ್ಬೇಕು.” ಒಂದು ಸೂಜಿ ಕೇಳಿ ತೆಗೆದುಕೊಂಡು ಕಿಟಕಿಯ ಬಳಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. “ಇರಲಿ ಬಿಡ್ರಿ, ಅದನ್ನ ಹಾಕ್ಕೊಳ್ಳೋರು ಯಾರಿದಾರೆ,” ಎಂದು ಹೆಡ್‌ಮಿಸ್ಸು ಅಂದದ್ದು ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. “ನೀನು ಈ ಕಡೆ ಕೂತ್ಕೋ,” ಎಂದರು ಅವಳಿಗೆ. “ಎರಡೂ ಕೈಯಲ್ಲಿ ಹಿಡಿ. ಬೆಳಕಿಗೆ. ಬಿಗಿಯಾಗಿ ಹಿಡಿ, ಎಳೀಬೇಡ.” ಅವಳು ಹಿಡಿದಳು. ಅವರು ಸೂಜಿಯ ಮೊನೆಯಿಂದ ತಾವೇ ನೇಯ್ದ ಎಳೆಗಳನ್ನು ಒಂದೊಂದಾಗಿ ಮೇಲೆತ್ತಿ ಬಿಡಿಸತೊಡಗಿದರು. ಒಂದು ಎಳೆ, ಇನ್ನೊಂದು ಎಳೆ. ಇದಕ್ಕೆ ಇಷ್ಟು ಹೊತ್ತು ಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಬಿಳಿಯ ಕೋಟಿನ ಜೇಬಲ್ಲಿ ಫೋನು ಹೊಡೆದುಕೊಂಡಿತು, ನಿಂತಿತು, ಮತ್ತೆ ಹೊಡೆದುಕೊಂಡಿತು, ಅಂಗಡಿಯದೇ ಇರಬೇಕು. ಬಟ್ಟೆಯ ನಡುವೆ ಮೊದಲು ಒಂದು ಸಾಸಿವೆಯಷ್ಟು ಬೆಳಕು ಕಂಡಿತು, ಆಮೇಲೆ ಕಡಲೆಯಷ್ಟು. ಸುಟ್ಟ ಅಂಚಿನ ತೂತು, ರಫೂಗೆ ಮೊದಲು ಹೇಗಿತ್ತೋ ಹಾಗೆ, ಮತ್ತೆ ತೆರೆದುಕೊಳ್ಳುತ್ತಿತ್ತು. ಅವಳ ಬೆರಳ ತುದಿಗಳು ಮೊದಲು ಮರಗಟ್ಟಿದವು. ಆಮೇಲೆ ಜೋಮು ಹಿಡಿದು, ಸಾವಿರ ಇರುವೆ ಕಚ್ಚಿದಂತೆ ಚುರುಗುಟ್ಟತೊಡಗಿದವು. ಕೈ ಬದಲಾಯಿಸಬಹುದೇ ಎಂದು ಕೇಳಬೇಕೆನ್ನಿಸಿತು.

“ಅಲ್ಲಾಡಬೇಡ,” ಎಂದರು ಅವರು, ತಲೆಯೆತ್ತದೆ.

ಅವಳು ಅಲ್ಲಾಡಲಿಲ್ಲ.